ಹಿಂದೂಸ್ತಾನ್ ಜಿಂಕ್ ಉಳಿಕೆ ಷೇರು ವಿವಾದ

ರಾಜಸ್ಥಾನದ ಉದಯಪುರದಲ್ಲಿ ಕೇಂದ್ರ ಕಚೇರಿ ಇರುವ ಹಿಂದೂಸ್ತಾನ್ ಜಿಂಕ್ ಲಿಮಿಟೆಡ್ ಕಂಪನಿಯಲ್ಲಿ ಕೇಂದ್ರ ಸರ್ಕಾರದ ಬಳಿ ಉಳಿದಿದ್ದ ಶೇ 29.54ರಷ್ಟು ಷೇರುಗಳನ್ನು ಯಾರಿಗೆ, ಯಾವ ಬೆಲೆಗೆ, ಯಾವ ದಾರಿಯಲ್ಲಿ ಮಾರಬೇಕು ಎಂಬುದರ ಸುತ್ತ ಬೆಳೆದ ವಿವಾದ. ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಕಂಪನಿಯ ಹಿಡಿತ ಪಡೆದ ವೇದಾಂತ ಸಮೂಹ. ನಡುವೆ ಸರ್ಕಾರಿ ಉದ್ಯಮಗಳ ಅಧಿಕಾರಿಗಳ ಒಕ್ಕೂಟ, ಸಿಬಿಐ ಮತ್ತು ಸುಪ್ರೀಂ ಕೋರ್ಟ್. ವಿವಾದದ ಬೀಜ 2002ರ ಖಾಸಗೀಕರಣದ ಒಪ್ಪಂದದಲ್ಲೇ ಇತ್ತು. ಅಣ್ಣತಮ್ಮಂದಿರು ಮನೆ ಭಾಗ ಮಾಡಿಕೊಂಡು ನಡುಮನೆಯನ್ನು ಮಾತ್ರ ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟರೆ ಏನಾಗುತ್ತದೋ ಇಲ್ಲಿಯೂ ಅದೇ ಆಯಿತು. ಕಂಪನಿ ನಡೆಸುವ ಹಕ್ಕು ಒಬ್ಬರಿಗೆ ಹೋಯಿತು, ಬೇಡ ಎನ್ನುವ ಶಕ್ತಿ ಇನ್ನೊಬ್ಬರಲ್ಲಿ ಉಳಿಯಿತು.

ಕಂಪನಿಯ ಹುಟ್ಟು

ಉದಯಪುರದ ದಕ್ಷಿಣಕ್ಕಿರುವ ಜಾವರ್ ಗಣಿಗಳಲ್ಲಿ ಸತುವನ್ನು ಬಟ್ಟಿ ಇಳಿಸುವ ಕೆಲಸ ಶತಮಾನಗಳ ಹಿಂದೆಯೇ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳಲ್ಲಿ ಅದಿರನ್ನು ತುಂಬಿ, ಬಾಯಿ ಕೆಳಗಾಗಿ ಕುಲುಮೆಯಲ್ಲಿ ಇಟ್ಟು ಕಾಯಿಸುತ್ತಿದ್ದರು. ಆವಿಯಾದ ಸತು ಕೆಳಗಿನ ತಣ್ಣನೆಯ ಪಾತ್ರೆಯಲ್ಲಿ ಇಳಿದು ಗಟ್ಟಿಯಾಗುತ್ತಿತ್ತು. ಉಪಯೋಗಿಸಿ ಎಸೆದ ಮೂಸೆಗಳನ್ನೇ ಇಟ್ಟಿಗೆಯಂತೆ ಜೋಡಿಸಿ ಕಟ್ಟಿದ ಗೋಡೆಗಳು ಜಾವರ್ ಸುತ್ತಮುತ್ತ ಇವೆ.

ಸ್ವಾತಂತ್ರ್ಯದ ನಂತರ ಈ ಗಣಿಗಳನ್ನು ಮೆಟಲ್ ಕಾರ್ಪೊರೇಷನ್ ಆಫ್ ಇಂಡಿಯಾ ಎಂಬ ಖಾಸಗಿ ಕಂಪನಿ ನಡೆಸುತ್ತಿತ್ತು. 1965ರಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಅದನ್ನು ವಶಕ್ಕೆ ತೆಗೆದುಕೊಂಡಿತು. 1966ರ ಜನವರಿ 10ರಂದು ಹಿಂದೂಸ್ತಾನ್ ಜಿಂಕ್ ನೋಂದಣಿಯಾಯಿತು. ಹಳೆಯ ಮಾಲೀಕರು ಕೋರ್ಟಿಗೆ ಹೋದರು. ಯಂತ್ರೋಪಕರಣಗಳಿಗೆ ಸರ್ಕಾರ ಕಟ್ಟಿದ ಬೆಲೆ ನ್ಯಾಯವಾದ ಪರಿಹಾರವಲ್ಲ ಎಂದು ಸುಪ್ರೀಂ ಕೋರ್ಟ್ 1966ರಲ್ಲಿ ಸ್ವಾಧೀನದ ಕಾಯ್ದೆಯನ್ನೇ ರದ್ದು ಮಾಡಿತು. ಕೊನೆಗೆ 1976ರ ರಾಷ್ಟ್ರೀಕರಣ ಕಾಯ್ದೆಯಿಂದ ಸ್ವಾಧೀನ ಗಟ್ಟಿಯಾಯಿತು. ಅಂದರೆ ಈ ಕಂಪನಿ ಹುಟ್ಟಿದ್ದೇ ಬೆಲೆಯ ಜಗಳದಲ್ಲಿ. ಆಗ ಸರ್ಕಾರ ಕೊಳ್ಳುವ ಕಡೆ ಇತ್ತು, ಕಡಿಮೆ ಬೆಲೆ ಕಟ್ಟಿತು ಎಂಬ ದೂರು ಅದರ ಮೇಲಿತ್ತು. ಮೂವತ್ತೈದು ವರ್ಷ ಕಳೆದ ಮೇಲೆ ಮಾರುವ ಕಡೆ ನಿಂತಾಗಲೂ ಅದೇ ದೂರು ಅದನ್ನು ಬೆನ್ನಟ್ಟಿತು. 1976ರ ಕಾಯ್ದೆ ಮುಂದೆ ಈ ಕಥೆಯಲ್ಲಿ ಮತ್ತೆ ಬರುತ್ತದೆ.

2002ರ ಮಾರಾಟ

ಉದಾರೀಕರಣದ ಮೊದಲ ವರ್ಷ, 1991–92ರಲ್ಲಿ, ಸರ್ಕಾರ ಶೇ 24.08ರಷ್ಟು ಷೇರು ಮಾರಿ ಶೇ 75.92 ಇಟ್ಟುಕೊಂಡಿತ್ತು. ಅಟಲ್ ಬಿಹಾರಿ ವಾಜಪೇಯಿ ಸರ್ಕಾರದಲ್ಲಿ ಬಂಡವಾಳ ಹಿಂತೆಗೆತಕ್ಕೆಂದೇ ಪ್ರತ್ಯೇಕ ಸಚಿವಾಲಯ ಇತ್ತು. ಅರುಣ್ ಶೌರಿ ಅದರ ಸಚಿವರು. ಬಿಡಿ ಷೇರುಗಳನ್ನು ಮಾರುಕಟ್ಟೆಯಲ್ಲಿ ಮಾರುವ ಬದಲು ಒಬ್ಬನೇ ಖರೀದಿದಾರನಿಗೆ ಆಡಳಿತದ ಹಿಡಿತದ ಸಮೇತ ಕೊಡುವುದು ಆಗಿನ ನೀತಿ. 2002ರ ಏಪ್ರಿಲ್‌ನಲ್ಲಿ ಶೇ 26ರಷ್ಟು ಷೇರು ಅನಿಲ್ ಅಗರ್ವಾಲ್ ಅವರ ಸ್ಟರ್ಲೈಟ್ ಸಮೂಹದ ಸ್ಟರ್ಲೈಟ್ ಆಪರ್ಚುನಿಟೀಸ್ ಅಂಡ್ ವೆಂಚರ್ಸ್ ಕಂಪನಿಗೆ 445 ಕೋಟಿ ರೂಪಾಯಿಗೆ ಹೋಯಿತು. ಇದೇ ಸಮೂಹ ಮುಂದೆ ವೇದಾಂತ ಎಂಬ ಹೆಸರಿನಲ್ಲಿ ಬೆಳೆಯಿತು. ಚಿತ್ರದುರ್ಗದ ಕಬ್ಬಿಣದ ಅದಿರಿನ ಗಣಿಯಿಂದಾಗಿ ಕನ್ನಡಿಗರಿಗೂ ಈ ಹೆಸರು ಹೊಸದಲ್ಲ.

ಸ್ವಾಧೀನದ ನಿಯಮದಂತೆ ಸ್ಟರ್ಲೈಟ್ ಮಾರುಕಟ್ಟೆಯಲ್ಲಿ ಮುಕ್ತ ಕೊಡುಗೆ ಮಾಡಿ ಇನ್ನೂ ಶೇ 20ರಷ್ಟು ಕೊಂಡಿತು. ನೌಕರರಿಗೆ ಸರ್ಕಾರ ಶೇ 1.46 ಮಾರಿತು. ಇಷ್ಟಾದ ಮೇಲೂ ಸರ್ಕಾರದ ಬಳಿ ಗಣನೀಯ ಪಾಲು ಇತ್ತು. ಅದರ ಭವಿಷ್ಯವನ್ನು ಷೇರುದಾರರ ಒಪ್ಪಂದದ ಎರಡು ಕಲಮುಗಳು ಮೊದಲೇ ಬರೆದಿಟ್ಟಿದ್ದವು. ಎರಡೂ ಕಾಲ್ ಆಪ್ಷನ್‌ಗಳು: ಖರೀದಿದಾರ ಕೇಳಿದಾಗ ಸರ್ಕಾರ ಮಾರಲೇಬೇಕು. ಮೊದಲನೆಯದನ್ನು ಸ್ಟರ್ಲೈಟ್ 2003ರ ಆಗಸ್ಟ್‌ನಲ್ಲಿ ಚಲಾಯಿಸಿ, ಷೇರಿಗೆ 40 ರೂಪಾಯಿ 50 ಪೈಸೆಯಂತೆ, ಸುಮಾರು 324 ಕೋಟಿ ರೂಪಾಯಿಗೆ ಶೇ 18.92ನ್ನು ತೆಗೆದುಕೊಂಡಿತು. ಅದರ ಪಾಲು ಶೇ 64.92ಕ್ಕೆ ಏರಿತು, ಸರ್ಕಾರದ್ದು ಶೇ 29.54ಕ್ಕೆ ಇಳಿಯಿತು.

ಈ ನಲವತ್ತೂವರೆ ರೂಪಾಯಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು 10 ರೂಪಾಯಿ ಮುಖಬೆಲೆಯ ಷೇರಿನ ಬೆಲೆ. 2011ರಲ್ಲಿ ಕಂಪನಿ ಮುಖಬೆಲೆಯನ್ನು 2 ರೂಪಾಯಿಗೆ ಒಡೆದು, ಜೊತೆಗೆ ಒಂದಕ್ಕೊಂದರಂತೆ ಬೋನಸ್ ಷೇರು ಕೊಟ್ಟಿತು. ಹಳೆಯ ಒಂದು ಷೇರು ಹೊಸ ಹತ್ತು ಷೇರಾಯಿತು. ಒಟ್ಟು ಷೇರುಗಳು 42.25 ಕೋಟಿಯಿಂದ ಸುಮಾರು 422.5 ಕೋಟಿಗೆ ಏರಿದವು. ಆ ಲೆಕ್ಕದಲ್ಲಿ 2002ರ ಮಾರಾಟದ ಬೆಲೆ ಇಂದಿನ ಒಂದು ಷೇರಿಗೆ 4 ರೂಪಾಯಿ 5 ಪೈಸೆ. 2024ರ ನವೆಂಬರ್‌ನಲ್ಲಿ ಸರ್ಕಾರವೇ ಇದೇ ಷೇರಿಗೆ 505 ರೂಪಾಯಿ ಕನಿಷ್ಠ ಬೆಲೆ ನಿಗದಿ ಮಾಡಿತು. ಅಗ್ಗಕ್ಕೆ ಮಾರಿದರು ಎಂದು ಇದರಿಂದಲೇ ತೀರ್ಮಾನಿಸುವುದು ಆತುರದ ಮಾತಾದೀತು. 2002ರಲ್ಲಿ ಲೋಹಗಳ ಬೆಲೆ ಪಾತಾಳದಲ್ಲಿತ್ತು, ಚೀನಾದ ಬೇಡಿಕೆ ಏರಿದ್ದು ಆಮೇಲೆ. ರಾಂಪುರಾ ಅಗೂಚಾ, ಸಿಂದೇಸರ್ ಖುರ್ದ್ ಗಣಿಗಳ ವಿಸ್ತರಣೆಗೆ ಹಣ ಸುರಿದಿದ್ದು ಹೊಸ ಆಡಳಿತ. ಬೆಳ್ಳಿಯ ಉತ್ಪಾದನೆಯಲ್ಲಿ ಕಂಪನಿ ಜಗತ್ತಿನ ದೊಡ್ಡ ಹೆಸರುಗಳ ಸಾಲಿಗೆ ಬಂದದ್ದೂ ಆ ಹೂಡಿಕೆಯ ಫಲ. ಆದರೂ ಮೊದಲ ಆಪ್ಷನ್ನಿನ ಬಗ್ಗೆ ಒಂದು ಆಕ್ಷೇಪ ಉಳಿಯುತ್ತದೆ. ಹದಿನಾರು ತಿಂಗಳ ನಂತರ, ಹಳೆಯ ಬೆಲೆಗೇ, ಕಂಪನಿಯ ಸುಮಾರು ಐದರಲ್ಲೊಂದು ಭಾಗ ಕೈಬದಲಾಯಿತು. ಬೆಲೆ ಏರಿದರೆ ಕೊಳ್ಳುವ, ಇಳಿದರೆ ಸುಮ್ಮನಿರುವ ಅನುಕೂಲವನ್ನು ಮಾರಿದವನೇ ಕೊಂಡವನಿಗೆ ಬಿಟ್ಟುಕೊಟ್ಟಿದ್ದ.

ಎರಡನೆಯ ಆಪ್ಷನ್

ಎರಡನೆಯ ಕಲಮಿನಲ್ಲಿ ಸರ್ಕಾರ ಕೊಂಚ ಎಚ್ಚರ ವಹಿಸಿತ್ತು. ಐದು ವರ್ಷದ ನಂತರ, ಅಂದರೆ 2007ರ ಏಪ್ರಿಲ್‌ನಿಂದ, ಉಳಿದ ಷೇರನ್ನೆಲ್ಲ ಸ್ಟರ್ಲೈಟ್ ಕೇಳಬಹುದಿತ್ತು. ಆದರೆ ಸ್ವತಂತ್ರ ಮೌಲ್ಯಮಾಪಕರು ಕಟ್ಟುವ ನ್ಯಾಯಯುತ ಮಾರುಕಟ್ಟೆ ಬೆಲೆಗೆ. 2009ರಲ್ಲಿ ವೇದಾಂತ ಈ ಹಕ್ಕನ್ನು ಚಲಾಯಿಸಿತು. ಸರ್ಕಾರ ಒಪ್ಪಲಿಲ್ಲ. ತಾನೇ ಸಹಿ ಹಾಕಿದ ಕಲಮನ್ನು ಕಾನೂನುಬಾಹಿರ ಎಂದು ವಾದಿಸಿತು. ಕೇಳಲು ಇದು ವಿಚಿತ್ರ. ಆದರೆ ವಾದಕ್ಕೆ ಬಲವಾದ ಆಧಾರವಿತ್ತು.

1956ರ ಕಂಪನಿ ಕಾಯ್ದೆಯ 111ಎ ಕಲಮಿನ ಪ್ರಕಾರ ಸಾರ್ವಜನಿಕ ಕಂಪನಿಯ ಷೇರುಗಳನ್ನು ಯಾರು ಯಾರಿಗೆ ಬೇಕಾದರೂ ವರ್ಗಾಯಿಸಬಹುದು. ಇಂಥವರಿಗೇ ಮಾರಬೇಕು ಎಂಬ ಕಟ್ಟುಪಾಡು ಆ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುತ್ತದೆ, ಆದ್ದರಿಂದ ಅದು ಊರ್ಜಿತವಲ್ಲ ಎಂಬುದು ಸರ್ಕಾರದ ನಿಲುವು. ಷೇರುದಾರರು ತಮ್ಮಷ್ಟಕ್ಕೆ ಮಾಡಿಕೊಂಡ ಒಪ್ಪಂದವು ವರ್ಗಾವಣೆಯ ಸ್ವಾತಂತ್ರ್ಯವನ್ನು ಬಳಸುವ ಒಂದು ಬಗೆಯೇ ಹೊರತು ಅದರ ಉಲ್ಲಂಘನೆಯಲ್ಲ ಎಂಬುದು ಎದುರು ವಾದ. ವಿಷಯ ಮಧ್ಯಸ್ಥಿಕೆಗೆ ಹೋಯಿತು.

ಇಲ್ಲಿ ಹಿಂದೂಸ್ತಾನ್ ಜಿಂಕ್‌ಗೆ ಒಂದು ಅವಳಿ ಪ್ರಕರಣ ಇತ್ತು. ಛತ್ತೀಸಗಡದ ಕೋರ್ಬಾದಲ್ಲಿ ಅಲ್ಯೂಮಿನಿಯಂ ತಯಾರಿಸುವ ಬಾಲ್ಕೊ ಕಂಪನಿಯ ಶೇ 51ರಷ್ಟನ್ನು 2001ರಲ್ಲಿ ಇದೇ ಸ್ಟರ್ಲೈಟ್ 551.5 ಕೋಟಿ ರೂಪಾಯಿಗೆ ಕೊಂಡಿತ್ತು. ಅದನ್ನು ವಿರೋಧಿಸಿ ಕಾರ್ಮಿಕರು 67 ದಿನ ಮುಷ್ಕರ ಹೂಡಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಬಂಡವಾಳ ಹಿಂತೆಗೆತ ಸರ್ಕಾರದ ಆರ್ಥಿಕ ನೀತಿಯ ವಿಷಯ ಎಂದು ಮಾರಾಟವನ್ನು ಎತ್ತಿಹಿಡಿದಿತ್ತು. ಉಳಿದ ಶೇ 49ಕ್ಕೆ ಅಲ್ಲಿಯೂ ಕಾಲ್ ಆಪ್ಷನ್ ಇತ್ತು. ಸ್ಟರ್ಲೈಟ್ 2004ರಲ್ಲಿ ಕೇಳಿತು, ಸರ್ಕಾರ ಕೊಡಲಿಲ್ಲ. 2011ರ ಜನವರಿಯಲ್ಲಿ ಮೂವರು ಮಧ್ಯಸ್ಥಗಾರರ ಪೈಕಿ ಇಬ್ಬರು ಸರ್ಕಾರದ ಪರ ನಿಂತು, ಆ ಕಲಮು 111ಎಗೆ ವಿರುದ್ಧ ಎಂದು ತೀರ್ಪಿತ್ತರು. ಅಲ್ಲಿಂದ ವೇದಾಂತದ ಸ್ವರ ಬದಲಾಯಿತು. ಹಕ್ಕಿನ ಮಾತು ಪಕ್ಕಕ್ಕೆ ಸರಿದು ವ್ಯಾಪಾರದ ಮಾತು ಮುಂದೆ ಬಂತು: 2012ರಲ್ಲಿ ಎರಡೂ ಕಂಪನಿಗಳ ಉಳಿಕೆ ಷೇರಿಗೆ ಸರ್ಕಾರದ ಮುಂದೆ ನೇರ ಬೆಲೆ ಇಟ್ಟಿತು.

ಇಲ್ಲಿ ಇನ್ನೊಂದು ಅಂಶವಿದೆ. 2010ರಲ್ಲಿ ಬಂದ ನಿಯಮದ ಪ್ರಕಾರ ಪಟ್ಟಿಯಾದ ಖಾಸಗಿ ಕಂಪನಿಯಲ್ಲಿ ಕನಿಷ್ಠ ಶೇ 25ರಷ್ಟು ಷೇರು ಸಾರ್ವಜನಿಕರ ಬಳಿ ಇರಬೇಕು. ವೇದಾಂತ ಸರ್ಕಾರದ ಪಾಲನ್ನೆಲ್ಲ ಕೊಂಡಿದ್ದರೆ ಅದರ ಹಿಡುವಳಿ ಶೇ 94.46 ಆಗುತ್ತಿತ್ತು. ಆಮೇಲೆ ಒಂದೋ ಷೇರುಪೇಟೆಯಿಂದ ಕಂಪನಿಯನ್ನು ಹೊರತೆಗೆಯಬೇಕಿತ್ತು, ಇಲ್ಲವೇ ಕೊಂಡದ್ದರಲ್ಲಿ ಬಹುಭಾಗವನ್ನು ಮತ್ತೆ ಮಾರಬೇಕಿತ್ತು. ಒಪ್ಪಂದ ಬರೆದಾಗ ಇಲ್ಲದ ನಿಯಮ, ಗೆದ್ದರೂ ಗೆಲುವಿನ ರುಚಿ ಕೆಡಿಸುವಂತೆ ನಡುವೆ ಬಂದಿತ್ತು.

ಸತಾರಾದ ಸ್ಕೂಟರ್ ಕಾರ್ಖಾನೆ

111ಎ ಕುರಿತ ಚರ್ಚೆಗೆ ಆಗ ದೊಡ್ಡ ಉದಾಹರಣೆಯಾಗಿದ್ದು ಮಹಾರಾಷ್ಟ್ರದ ಇನ್ನೊಂದು ಉಳಿಕೆ ಷೇರಿನ ಜಗಳ. ಸತಾರಾದಲ್ಲಿ ಪ್ರಿಯಾ ಸ್ಕೂಟರ್ ತಯಾರಿಸುತ್ತಿದ್ದ ಮಹಾರಾಷ್ಟ್ರ ಸ್ಕೂಟರ್ಸ್‌ನಲ್ಲಿ ರಾಜ್ಯ ಸರ್ಕಾರದ ನಿಗಮಕ್ಕೆ ಶೇ 27, ಬಜಾಜ್ ಆಟೊಗೆ ಶೇ 24ರ ಪಾಲಿತ್ತು. 2003ರಲ್ಲಿ ನಿಗಮ ತನ್ನ ಪಾಲು ಮಾರಲು ಹೊರಟಿತು. ಒಪ್ಪಂದದಂತೆ ಮೊದಲು ಬಜಾಜ್‌ಗೆ ಕೇಳಬೇಕು. ಕೇಳಿತು, ಬೆಲೆ ಹೊಂದಲಿಲ್ಲ. ಮಧ್ಯಸ್ಥಗಾರರು 2006ರಲ್ಲಿ ಷೇರಿಗೆ 151 ರೂಪಾಯಿ 63 ಪೈಸೆ ಕಟ್ಟಿದರು. ನಿಗಮ ಬಾಂಬೆ ಹೈಕೋರ್ಟಿಗೆ ಹೋಯಿತು. 2010ರಲ್ಲಿ ಏಕಸದಸ್ಯ ಪೀಠದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಮೊದಲು ಇಂಥವರಿಗೇ ಕೊಡಬೇಕು ಎಂಬ ಷರತ್ತು 111ಎಗೆ ವಿರುದ್ಧ ಎಂದು ಆ ತೀರ್ಪನ್ನು ತಳ್ಳಿಹಾಕಿದರು. ಅದೇ ವರ್ಷ ಅದೇ ಕೋರ್ಟಿನ ವಿಭಾಗೀಯ ಪೀಠ ಬೇರೊಂದು ಪ್ರಕರಣದಲ್ಲಿ ಇದಕ್ಕೆ ತದ್ವಿರುದ್ಧವಾಗಿ ಹೇಳಿತು. 2015ರಲ್ಲಿ ಬಜಾಜ್ ಮೇಲ್ಮನವಿಯಲ್ಲಿ ಗೆದ್ದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಉಳಿಸಿತು, ಬಜಾಜ್ ಸಮೂಹದ ಪಾಲು ಶೇ 51 ಆಯಿತು. ಕಾರ್ಖಾನೆಯಲ್ಲಿ ಸ್ಕೂಟರ್ ತಯಾರಿಕೆ ನಿಂತು ಆ ಹೊತ್ತಿಗೆ ಎಷ್ಟೋ ವರ್ಷವಾಗಿತ್ತು. ಕಂಪನಿಯ ಬೆಲೆಯೆಲ್ಲ ಅದು ಹಿಡಿದುಕೊಂಡಿದ್ದ ಬಜಾಜ್ ಷೇರುಗಳಲ್ಲಿತ್ತು.

ಸಂಸತ್ತು ಗೊಂದಲ ಬಗೆಹರಿಸಿದ್ದು 2013ರ ಕಂಪನಿ ಕಾಯ್ದೆಯಲ್ಲಿ. ಷೇರುಗಳು ಮುಕ್ತವಾಗಿ ವರ್ಗವಾಗಬೇಕು ಎಂಬ ನಿಯಮ ಹಾಗೇ ಉಳಿಯಿತು. ಇಬ್ಬರ ನಡುವಿನ ಒಪ್ಪಂದ ಒಪ್ಪಂದವಾಗಿ ಜಾರಿಗೆ ಬರುತ್ತದೆ ಎಂಬ ಮಾತು 58ನೇ ಕಲಮಿಗೆ ಸೇರಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಕೂಡ ಷೇರುದಾರರ ಒಪ್ಪಂದಗಳಲ್ಲಿ ಇಂಥ ಆಪ್ಷನ್‌ಗಳಿಗೆ ಷರತ್ತಿನ ಮೇಲೆ ಅನುಮತಿ ಕೊಟ್ಟಿತು. 2002ರ ಕಾಗದಕ್ಕೆ ಇದರಿಂದ ಸಿಕ್ಕ ನೆರವು ಅಷ್ಟಕ್ಕಷ್ಟೆ.

ಸುಪ್ರೀಂ ಕೋರ್ಟಿನಲ್ಲಿ

ಸರ್ಕಾರ ತನ್ನ ಪಾಲನ್ನು ಮಾರುಕಟ್ಟೆಯಲ್ಲೇ ಮಾರಲು ತಯಾರಾದಾಗ ಹೊಸ ಎದುರಾಳಿ ಬಂದ. ಕೇಂದ್ರೋದ್ಯಮಗಳ ಅಧಿಕಾರಿಗಳ ಸಂಘಗಳ ರಾಷ್ಟ್ರೀಯ ಒಕ್ಕೂಟ ಸುಪ್ರೀಂ ಕೋರ್ಟಿನ ಮೊರೆಹೋಯಿತು. ಅದರ ವಾದಕ್ಕೆ ಆಧಾರ 2003ರ ಒಂದು ತೀರ್ಪು: ಕರ್ನಾಟಕದವರಾದ ನ್ಯಾಯಮೂರ್ತಿ ಎಸ್. ರಾಜೇಂದ್ರಬಾಬು ಅವರಿದ್ದ ಪೀಠ, ಸಂಸತ್ತಿನ ಕಾಯ್ದೆಯಿಂದ ರಾಷ್ಟ್ರೀಕರಣವಾದ ಎಚ್‌ಪಿಸಿಎಲ್, ಬಿಪಿಸಿಎಲ್ ತೈಲ ಕಂಪನಿಗಳನ್ನು ಆ ಕಾಯ್ದೆಗಳನ್ನು ತಿದ್ದದೆ ಖಾಸಗಿಗೆ ಕೊಡುವಂತಿಲ್ಲ ಎಂದಿತ್ತು. ಹಿಂದೂಸ್ತಾನ್ ಜಿಂಕ್‌ನ ಬೆನ್ನಿಗೂ 1976ರ ಕಾಯ್ದೆ ಇದೆ, ಹಾಗಾಗಿ ಇಲ್ಲಿಯೂ ಸಂಸತ್ತಿನ ಒಪ್ಪಿಗೆ ಬೇಕು ಎಂದಿತು ಒಕ್ಕೂಟ. 2016ರ ಜನವರಿಯಲ್ಲಿ ಕೋರ್ಟ್ ಯಥಾಸ್ಥಿತಿಗೆ ಆದೇಶಿಸಿತು. ಆ ಆದೇಶ ಸುಮಾರು ಆರು ವರ್ಷ ಷೇರನ್ನು ಕಟ್ಟಿಹಾಕಿತು.

2021ರ ನವೆಂಬರ್ 18ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ ತೀರ್ಪು ಕೊಟ್ಟಿತು. ನಾಗರತ್ನ ಅವರು ಕರ್ನಾಟಕ ಹೈಕೋರ್ಟಿನಿಂದ ಹೋದವರು; ಚಂದ್ರಚೂಡ್ ಅವರು ಸತಾರಾ ಸ್ಕೂಟರಿನ ಪ್ರಕರಣ ಕೇಳಿದ್ದವರೇ. ತೀರ್ಪಿನ ಒಂದು ಭಾಗ ಸರ್ಕಾರಕ್ಕೆ ಹಿತವಾಗಿತ್ತು. 2002ರ ಮಾರಾಟದ ನಂತರ ಹಿಂದೂಸ್ತಾನ್ ಜಿಂಕ್ ಸರ್ಕಾರಿ ಕಂಪನಿಯಾಗಿ ಉಳಿದಿಲ್ಲ. ಸರ್ಕಾರ ಅಲ್ಲಿ ಎಲ್ಲರಂತೆ ಒಬ್ಬ ಷೇರುದಾರ. ತನ್ನ ಷೇರನ್ನು ಸೆಬಿ ನಿಯಮಗಳಂತೆ ಒಳ್ಳೆಯ ಬೆಲೆಗೆ ಮುಕ್ತ ಮಾರುಕಟ್ಟೆಯಲ್ಲಿ ಮಾರಬಹುದು. ಇನ್ನೊಂದು ಭಾಗ ಕಹಿಯಾಗಿತ್ತು. 2002ರ ಮಾರಾಟದ ಬಗ್ಗೆ 2013ರಲ್ಲಿ ಪ್ರಾಥಮಿಕ ವಿಚಾರಣೆ ಆರಂಭಿಸಿದ್ದ ಸಿಬಿಐ, ತನ್ನ ಅಧಿಕಾರಿಗಳೇ ಪ್ರಕರಣ ದಾಖಲಿಸಲು ಶಿಫಾರಸು ಮಾಡಿದ್ದರೂ ಕಡತ ಮುಚ್ಚಿತ್ತು. ಪ್ರಕರಣ ದಾಖಲಿಸಿ ಪೂರ್ಣ ತನಿಖೆ ನಡೆಸಿ, ಮೂರು ತಿಂಗಳಿಗೊಮ್ಮೆ ವರದಿ ಕೊಡಿ ಎಂದಿತು ಪೀಠ. ಒಂದೇ ತೀರ್ಪಿನಲ್ಲಿ ಹಳೆಯ ಮಾರಾಟ ಸಂಶಯಕ್ಕೆ ಒಳಗಾಯಿತು, ಹೊಸ ಮಾರಾಟಕ್ಕೆ ದಾರಿ ತೆರೆಯಿತು.

ಅಲ್ಪಪಾಲಿನ ಬಲ

2022ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಸಮಿತಿ ಪೂರ್ತಿ ಶೇ 29.54ನ್ನೂ ಮಾರಲು ಒಪ್ಪಿತು. ಆಗಿನ ಮಾರುಕಟ್ಟೆ ದರದಲ್ಲಿ ಅದರ ಬೆಲೆ ಸುಮಾರು 38,000 ಕೋಟಿ ರೂಪಾಯಿ. ಮಾರಾಟ ಶುರುವಾಗುವ ಮುನ್ನವೇ ಇಬ್ಬರು ಷೇರುದಾರರ ನಡುವೆ ಬೇರೊಂದು ಜಗಳ ಹತ್ತಿಕೊಂಡಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುಳು ಇಲ್ಲಿದೆ.

ವೇದಾಂತ 2010ರಲ್ಲಿ ಆಂಗ್ಲೊ ಅಮೆರಿಕನ್‌ನಿಂದ ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಸತುವಿನ ಗಣಿಗಳನ್ನು ಕೊಂಡಿತ್ತು. 2023ರ ಜನವರಿಯಲ್ಲಿ ಅವುಗಳನ್ನು ಹಿಂದೂಸ್ತಾನ್ ಜಿಂಕ್‌ಗೆ 298.1 ಕೋಟಿ ಡಾಲರ್ ನಗದಿಗೆ ಮಾರುವ ಪ್ರಸ್ತಾವ ಬಂತು. ವೇದಾಂತದ ಲಂಡನ್ನಿನ ಮಾತೃಸಂಸ್ಥೆ ಆಗ ಸಾಲದ ಒತ್ತಡದಲ್ಲಿತ್ತು, ಹಿಂದೂಸ್ತಾನ್ ಜಿಂಕ್‌ನ ತಿಜೋರಿ ತುಂಬಿತ್ತು. ಮಾರುವವನೂ ಕೊಳ್ಳುವ ಕಂಪನಿಯ ಒಡೆಯನೂ ಒಬ್ಬನೇ. ಸರ್ಕಾರ ಪತ್ರ ಬರೆದು ವಿರೋಧಿಸಿತು, ನಗದು ಕೊಡದ ಬೇರೆ ದಾರಿ ನೋಡಿ ಎಂದಿತು, ಕಾನೂನು ಕ್ರಮದ ಎಚ್ಚರಿಕೆಯನ್ನೂ ಕೊಟ್ಟಿತು.

ಶೇ 29.54 ಇಟ್ಟುಕೊಂಡವರ ವಿರೋಧಕ್ಕೆ ಶೇ 64.92 ಇಟ್ಟುಕೊಂಡವರು ಮಣಿಯಬೇಕೇಕೆ? ಸೆಬಿ ನಿಯಮದ ಪ್ರಕಾರ ಸಂಬಂಧಿತ ಪಕ್ಷಗಳ ನಡುವಿನ ದೊಡ್ಡ ವ್ಯವಹಾರಕ್ಕೆ ಷೇರುದಾರರ ಒಪ್ಪಿಗೆ ಬೇಕು, ಆ ಮತದಾನದಲ್ಲಿ ಸಂಬಂಧಿತ ಪಕ್ಷ ವ್ಯವಹಾರದ ಪರ ಮತ ಹಾಕುವಂತಿಲ್ಲ. ವೇದಾಂತದ ಪಾಲನ್ನು ತೆಗೆದರೆ ಉಳಿಯುವುದು ಶೇ 35.08. ಅದರಲ್ಲಿ ಸರ್ಕಾರದ್ದು ಶೇ 29.54. ಅಂದರೆ ಈ ಒಂದು ಪ್ರಶ್ನೆಯ ಮಟ್ಟಿಗೆ ಅಲ್ಪಪಾಲುದಾರನ ಕೈಯಲ್ಲಿ ಶೇ 84ರಷ್ಟು ಮತ. ಪ್ರಸ್ತಾವ ಮತಕ್ಕೆ ಬರಲೇ ಇಲ್ಲ; ಕೆಲವೇ ತಿಂಗಳಲ್ಲಿ ಅವಧಿ ಮುಗಿದು ಬಿದ್ದುಹೋಯಿತು. ಆಮೇಲೆ ಸತು ಮತ್ತು ಬೆಳ್ಳಿ ವ್ಯವಹಾರಗಳನ್ನು ಬೇರೆಬೇರೆ ಕಂಪನಿಗಳಾಗಿ ಒಡೆಯುವ ಯೋಜನೆ ಬಂದಾಗ ಗಣಿ ಸಚಿವಾಲಯ ಅದಕ್ಕೂ ಒಪ್ಪಲಿಲ್ಲ. ಅಂಥ ಯೋಜನೆಗೆ ಮತ ಹಾಕಿದವರಲ್ಲಿ ಮೌಲ್ಯದ ಲೆಕ್ಕದಲ್ಲಿ ನಾಲ್ಕರಲ್ಲಿ ಮೂರು ಪಾಲು ಬೇಕು. ಶೇ 25ಕ್ಕಿಂತ ಹೆಚ್ಚು ಹಿಡಿದವನು ಬೇಡವೆಂದರೆ ಮುಗಿಯಿತು.

ಹಣದ ಲೆಕ್ಕವೂ ಹೀಗೆಯೇ ತಿರುಗಿತು. ಮಾತೃಸಂಸ್ಥೆಗೆ ಹಣ ಬೇಕಾದಾಗಲೆಲ್ಲ ಹಿಂದೂಸ್ತಾನ್ ಜಿಂಕ್ ಭಾರೀ ಲಾಭಾಂಶ ಹಂಚಿತು. ಲಾಭಾಂಶದಲ್ಲಿ ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಗೆ ಬಿಡುವಂತಿಲ್ಲ. 2022–23ರ ಒಂದೇ ವರ್ಷ ಷೇರಿಗೆ 75 ರೂಪಾಯಿ 50 ಪೈಸೆಯಂತೆ ಒಟ್ಟು 31,901 ಕೋಟಿ ರೂಪಾಯಿ ಹಂಚಿಕೆಯಾಯಿತು. ಸರ್ಕಾರದ ಪಾಲಿಗೆ ಬಂದದ್ದು ಸುಮಾರು 9,400 ಕೋಟಿ. 2002 ಮತ್ತು 2003ರಲ್ಲಿ ಶೇ 44.92ನ್ನು ಖರೀದಿದಾರನಿಗೆ ಕೊಟ್ಟು ಸರ್ಕಾರ ಪಡೆದ ಮೊತ್ತ 769 ಕೋಟಿ. ಅದರ ಹನ್ನೆರಡು ಪಟ್ಟು, ಏನೂ ಮಾರದೆ, ಒಂದು ವರ್ಷದಲ್ಲಿ ಬಂತು. ಕೋರ್ಟಿನ ತಡೆಯಾಜ್ಞೆ ಸರ್ಕಾರಕ್ಕೆ ಮಾಡಿದ ಉಪಕಾರ ದೊಡ್ಡದು ಎನ್ನದೆ ವಿಧಿಯಿಲ್ಲ.

ಹೋಲುವ ಪ್ರಕರಣಗಳು

ಟಾಟಾ–ಡೊಕೊಮೊ ವಿವಾದ ಇದರ ತಲೆಕೆಳಗಾದ ರೂಪ. ಅಲ್ಲಿ ಅಲ್ಪಪಾಲುದಾರನಾದ ಜಪಾನಿನ ಎನ್‌ಟಿಟಿ ಡೊಕೊಮೊ ಹೊರಹೋಗಲು ಬಯಸಿತು. ಟಾಟಾ ಟೆಲಿಸರ್ವಿಸಸ್‌ನಲ್ಲಿನ ಅದರ ಶೇ 26.5ರ ಪಾಲಿಗೆ ಕನಿಷ್ಠ ಖರೀದಿ ಬೆಲೆಯ ಅರ್ಧದಷ್ಟನ್ನಾದರೂ ಕೊಡಿಸುವುದಾಗಿ ಟಾಟಾ ಸನ್ಸ್ ಬರೆದುಕೊಟ್ಟಿತ್ತು. 2014ರಲ್ಲಿ ಡೊಕೊಮೊ ಕೇಳಿದಾಗ ಅಡ್ಡ ನಿಂತದ್ದು ರಿಸರ್ವ್ ಬ್ಯಾಂಕಿನ ವಿದೇಶಿ ವಿನಿಮಯ ನಿಯಮ. ಲಂಡನ್ನಿನ ಮಧ್ಯಸ್ಥಿಕೆ ನ್ಯಾಯಮಂಡಳಿ 2016ರಲ್ಲಿ 117 ಕೋಟಿ ಡಾಲರ್ ಕೊಡಿಸಿತು. 2017ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ರಿಸರ್ವ್ ಬ್ಯಾಂಕಿನ ಆಕ್ಷೇಪ ತಳ್ಳಿ ಅದನ್ನು ಜಾರಿಗೊಳಿಸಿತು. ಟಾಟಾ ಸನ್ಸ್‌ನಲ್ಲೇ ಶಾಪೂರ್ಜಿ ಪಲ್ಲೋಂಜಿ ಸಮೂಹಕ್ಕಿರುವ ಶೇ 18.37ರ ಕತೆ ಬೇರೆ. ಪಟ್ಟಿಯಾಗದ ಕಂಪನಿಯಲ್ಲಿ, ನಾಲ್ಕರಲ್ಲೊಂದು ಭಾಗಕ್ಕಿಂತ ಕಡಿಮೆ ಇರುವ ಪಾಲು ಅದು. ಸುಪ್ರೀಂ ಕೋರ್ಟಿನಲ್ಲಿ ಪಲ್ಲೋಂಜಿ ಕಡೆಯವರು ಅದಕ್ಕೆ 1.75 ಲಕ್ಷ ಕೋಟಿ ಕಟ್ಟಿದರೆ ಟಾಟಾ ಹೇಳಿದ್ದು ಅದರ ಅರ್ಧಕ್ಕಿಂತ ಕಡಿಮೆ. 2021ರ ಮಾರ್ಚ್ ತೀರ್ಪಿನಲ್ಲಿ ಕೋರ್ಟ್ ಬೆಲೆ ಕಟ್ಟುವ ಕೆಲಸಕ್ಕೆ ಕೈಹಾಕಲಿಲ್ಲ.

2024ರ ಮಾರಾಟ

2024ರ ನವೆಂಬರ್ 6 ಮತ್ತು 7ರಂದು ಸರ್ಕಾರ ಆಫರ್ ಫಾರ್ ಸೇಲ್ ಮೂಲಕ ಶೇ 2.5ರವರೆಗೆ ಮಾರಾಟಕ್ಕಿಟ್ಟಿತು. ಪೂರ್ತಿ ಖರ್ಚಾಗಲಿಲ್ಲ, ಸುಮಾರು ಶೇ 1.6ರಷ್ಟು ಮಾರಾಟವಾಗಿ 3,400 ಕೋಟಿ ರೂಪಾಯಿಗಿಂತ ಹೆಚ್ಚು ಬಂತು. ಸರ್ಕಾರದ ಪಾಲು ಶೇ 27.92ಕ್ಕೆ ಇಳಿಯಿತು. ವೇದಾಂತವೂ ಅದೇ ವರ್ಷದ ಆಗಸ್ಟ್‌ನಲ್ಲಿ ಮತ್ತು 2025ರಲ್ಲಿ ತನ್ನ ಷೇರುಗಳಲ್ಲಿ ಸ್ವಲ್ಪ ಭಾಗ ಮಾರಿತು. ಒಂದು ಕಾಲಕ್ಕೆ ಉಳಿದದ್ದೆಲ್ಲ ತನಗೇ ಬೇಕೆಂದು ಹಟ ಹಿಡಿದಿದ್ದ ಕಂಪನಿ ಈಗ ಅದೇ ಮಾರುಕಟ್ಟೆಯಲ್ಲಿ ಮಾರುವವರ ಸಾಲಿನಲ್ಲಿದೆ. ಸಂಪುಟದ ಅನುಮತಿ ಪೂರ್ತಿ ಪಾಲಿಗಿದೆ. ಆದರೆ ಇನ್ನು ಶೇ 3ರಷ್ಟು ಮಾರಿದರೂ ಸರ್ಕಾರದ ಹಿಡುವಳಿ ಶೇ 25ರ ಗೆರೆಯಿಂದ ಕೆಳಗಿಳಿಯುತ್ತದೆ, ನಾಲ್ಕರಲ್ಲಿ ಮೂರು ಪಾಲು ಮತ ಬೇಕಾದ ವಿಶೇಷ ಗೊತ್ತುವಳಿಗಳನ್ನು ಖಚಿತವಾಗಿ ತಡೆಯುವ ಅಧಿಕಾರ ಅಲ್ಲಿಗೆ ತಪ್ಪುತ್ತದೆ.